ಮೂರೂರು ಪರದೆ ಬಳಗದ ಕೊನೆಯ ಪುಟ

ಗೆಜ್ಜಲಗೆರೆ
೧೧ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ತಂಗಿ ನುಜ್ಹತ್,

ರಂಜಾನಿಗೆ ನಿನ್ನ ತಮ್ಮ ಸಾಹಿಲ್ ಕೈಯಲ್ಲಿ ಕಳಿಸಿದ್ದ ಶೀರ್‌ಖುರ್ಮಾ ಡಬ್ಬಿ ಮೂರು ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನನ್ನು ಬೈಯುತ್ತಿದೆ. ಖುರ್ಮಾ ಬಂದ ದಿನವೇ ಖಾಲಿ. ಡಬ್ಬಿ ವಾಪಸು ಕೊಡುವ ಮುಖ ನನಗಿರಲಿಲ್ಲ. "ಬರೀ ಡಬ್ಬ ಕಳುಸ್ಬ್ಯಾಡ ಕಣ್ಲಾ, ಮನೆಗೊಳ್ಳೇದಲ್ಲ" ಅಂದಳು ಅವ್ವ. ಒಳಗೆ ನಾಲ್ಕು ಅಚ್ಚು ಬೆಲ್ಲ ಇಟ್ಟಿದ್ದೇನೆ, ಮೇಲೆ ಈ ಕಾಗದ. ಇಲ್ಲಿ ಮದ್ದೂರಿಂದ ನಿಮ್ಮ ಮಳವಳ್ಳಿಗೆ ಮುಕ್ಕಾಲು ಗಂಟೆ ಬಸ್ಸು. ಅದನ್ನು ದಾಟಲು ನನಗೆ ಮೂರು ವರ್ಷ ಹಿಡಿಯಿತು. ಫೋನಿನಲ್ಲೇ ಬರೆಯಲು ಹೋಗಿ ನಾಲ್ಕು ಸಲ ಅಳಿಸಿದೆ. ಕಾಗದದಲ್ಲಾದರೆ ಹೊಡೆದು ಹಾಕಿದ್ದೂ ಕಾಣುತ್ತದೆ, ಇರಲಿ.

ಮೊದಲು ಸುದ್ದಿ. ಫೋನಿನ ಪರದೆ ಗೀಚುವ ನಮ್ಮ ಬಳಗ ಮುಚ್ಚುತ್ತಿದ್ದೇವೆ. ಆಗಸ್ಟ್ ಮೊದಲ ಭಾನುವಾರ ಕೊನೆಯ ಸಭೆ, ಅದೇ ಪ್ರಿಂಟಿಂಗ್ ಪ್ರೆಸ್ ಮಹಡಿಯ ಮೇಲೆ. ಹೋದ ತಿಂಗಳು ಬಂದವರು ನಾಲ್ಕು ಜನ, ಅದರಲ್ಲಿ ಇಬ್ಬರು ಟೀ ಕುಡಿದು ಎದ್ದುಹೋದರು. ಕೊನೆಗೆ ಉಳಿದ ನಮ್ಮ ರವಿಚಂದ್ರ ಹೇಳಿದ: "ಅಣ್ಣೋ, ಈಗ ಬಾಯಲ್ಲಿ ಏಳುದ್ರೆ ಮಿಸಿನ್ನೇ ಪರದೆ ಬರ್ದುಕೊಡ್ತದೆ. ನಾವ್ಯಾಕೆ ಕೂತು ಕತ್ತು ನೋಯ್ಸ್ಕಬೇಕು?" ಎಲ್ಲ ಸೇರಿ, ಬಳಗದ ಚರಿತ್ರೆಯನ್ನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದು ಮುಗಿಸು ಅಂತ ನನ್ನ ತಲೆಗೆ ಕಟ್ಟಿದರು.

ಚರಿತ್ರೆ ನಿನಗೆ ಗೊತ್ತಿರುವುದೇ. ನಾನು ಲಾರಿ ಹಿಂದೆ ಅಕ್ಷರ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಕುಂಚ ಕಿತ್ತುಕೊಂಡಿತು, ಫ್ಲೆಕ್ಸಿಗೆ ಹೋದೆ. ಫೋನು ಬಂತು, ಅದರ ಪರದೆಗೆ ಹೋದೆ. ಯಾವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಅಂತ ಗೀಚುವ ಕೆಲಸಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲೂ ಜನ ಇದ್ದಾರೆ ಅಂತ ೨೦೧೬ರಲ್ಲಿ ಗೊತ್ತಾಯಿತು. ಮೂರೂರು ಸೇರಿಸಿ ಬಳಗ ಕಟ್ಟಿದೆವು, ಮೊದಲ ದಿನ ಏಳು ಜನ. ತುಂಬಿದ ಕಾಲಕ್ಕೆ ಇಪ್ಪತ್ತಮೂರು. ಅಷ್ಟರಲ್ಲಿ ನಿಜವಾಗಿ ಕೆಲಸ ಗೊತ್ತಿದ್ದವರು ಇಬ್ಬರು. ಒಬ್ಬಳು ನೀನು. ಇನ್ನೊಬ್ಬ ನಾನು ಅಂತ ಆಗ ಅಂದುಕೊಂಡಿದ್ದೆ.

ನಮ್ಮ ಒಂದೇ ಒಂದು ಕಾನೂನು: "ಕೈ ಕಟ್ಟು, ಬಾಯಿ ಮುಚ್ಚು." ಪರದೆ ಮಾಡಿದವನು ಕೈ ಕಟ್ಟಿ ಕೂರಬೇಕು. ಫೋನನ್ನು ಓದು ಬಾರದವರ ಕೈಗೆ ಕೊಡಬೇಕು. ಅವರು ಮೂರು ಸಲ ತಪ್ಪು ಒತ್ತಿದರೆ ಪರದೆ ವಾಪಸು. ಸುರುವಿನಲ್ಲಿ ಬೇರೆಬೇರೆಯವರು ಬರುತ್ತಿದ್ದರು. ಆಮೇಲೆ ಅಭ್ಯಾಸವಾಗಿ ನಮ್ಮ ಅವ್ವ ಚಿಕ್ಕಬೋರಮ್ಮನೇ ಕಾಯಂ ಆದಳು. ಪುಸ್ತಕ ನೋಡಿದೆ: ನಲವತ್ತೊಂದು ಪರದೆಯಲ್ಲಿ ಮೂವತ್ತೆಂಟು ಪಾಸು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಬಳಗ ಲೋಕದಲ್ಲೇ ಇರಲಾರದು ಅಂತ ಬೀಗಿದ್ದೆ.

ಇಲ್ಲಿನ ಬಟ್ಟೆ ಕಾರ್ಖಾನೆಗೆ ನಾನು ಮಾಡಿದ ರಜೆ ಪರದೆಯನ್ನು ಈಗ ಬರೆಯಲೇಬೇಕು. ಗೋಡೆಯ ಮೇಲಿನ ಪರದೆ. ಹೆಂಗಸರು ತಮ್ಮ ನಂಬರು ಒತ್ತಿ, ದಿನ ಆರಿಸಿದರೆ ಹಸಿರು ಗುರುತು. ಆಮೇಲೆ ಕೆಳಗಿನ "ಕಳಿಸು" ಗುಂಡಿಯನ್ನೂ ಒತ್ತಿದರೆ ಮಾತ್ರ ರಜೆ. ನೀನು ಅವತ್ತೇ ಹೇಳಿದೆ: "ಸಿದ್ದಣ್ಣ, ಹಸಿರು ಕಂಡ್ಮೇಲೆ ಯಾರು ನಿಲ್ತಾರೆ? ಹೊರಗೆ ಶಿಫ್ಟ್ ಬಸ್ಸು ಹಾರ್ನ್ ಹೊಡೀತಿರುತ್ತೆ." ಅವ್ವನ ಕೈಗೆ ಕೊಟ್ಟೆವು. ಹಸಿರಾಯಿತು. ಅವಳು ಒಂದು ಗಳಿಗೆ ತಲೆಯೆತ್ತಿದಳು, ಆಮೇಲೆ ಬೆರಳನ್ನು ನೇರ ಕೆಳಗಿನ ಗುಂಡಿಗೆ ಇಟ್ಟಳು. ಎಲ್ಲ ಚಪ್ಪಾಳೆ. ನೀನೊಬ್ಬಳು ತಟ್ಟಲಿಲ್ಲ. "ಇನ್ನೊಂದ್ಸಲ ಮಾಡ್ಸಿ. ನೀವು ಎದುರುಗಡೆ ಬೇಡ, ಅವ್ವನ ಹಿಂದೆ ಕೂತ್ಕಳಿ" ಅಂದೆ. ನಾನು ನಕ್ಕೆ. "ಎಲ್ ಕೂತ್ರೇನಮ್ಮ, ಬಾಯ್ ಮುಚ್ಕಂಡೇ ಇದ್ನಲ್ಲ!" ಒಂಬತ್ತು ಜನ ನನ್ನ ಕಡೆ ಕೈ ಎತ್ತಿದರು.

ಒಂದೇ ತಿಂಗಳಲ್ಲಿ ಹನ್ನೊಂದು ಹೆಂಗಸರು ಹಸಿರು ನೋಡಿ ರಜೆ ಸಿಕ್ಕಿತೆಂದು ಹೋಗಿ ಗೈರುಹಾಜರಾದರು. ಕೊತ್ತತ್ತಿಯ ಬೆಳ್ಳಮ್ಮ ತಂಗಿಯ ಬಾಣಂತನಕ್ಕೆಂದು ಆರು ದಿನ ಹೋದವಳು ಕೆಲಸವನ್ನೇ ಕಳೆದುಕೊಂಡಳು. ನೀನು ಅವಳನ್ನು ಸಭೆಗೇ ಕರೆತಂದೆ. "ಅಸುರು ಬಂತು ಕಣಣ್ಣ, ಅದ್ಕೇ ಒಂಟೋದೆ" ಅಂದಳು. ನಾನು ಏನಂದೆ ಅಂತ ನಿನಗೆ ನೆನಪಿದೆ. "ಎಪ್ಪತ್ತು ವರ್ಸದ ನಮ್ಮವ್ವನ್ಗೆ ಆಗಿದ್ದು ನಿಂಗ್ಯಾಕಮ್ಮ ಆಗ್ನಿಲ್ಲ?" ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ನಿನಗೆ ಹೊಟ್ಟೆಕಿಚ್ಚು ಅಂತ ಬೇರೆ ಸೇರಿಸಿದೆ. ನೀನು ಅವಳ ಕೈ ಹಿಡಿದು ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ.

ಕೊನೆಯ ಪುಟ ಬರೆಯುವ ಮೊದಲು ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಅದರಲ್ಲಿ "ಬಿಟ್ಟ ಕಾರಣ" ಅಂತೊಂದು ಕಾಲಂ ಇದೆಯಲ್ಲ. ನಿನ್ನ ಹೆಸರಿನ ಮುಂದೆ ನನ್ನದೇ ಕೈಬರಹದಲ್ಲಿ "ಮದುವೆ" ಅಂತಿದೆ. ನಿನ್ನ ಮದುವೆಯಾದದ್ದು ಆಮೇಲೆ ಏಳು ತಿಂಗಳಿಗೆ. ಲಾರಿ ಹಿಂದೆ ಎಷ್ಟೋ ಸುಳ್ಳು ಬರೆದಿದ್ದೇನೆ, ಗಿರಾಕಿ ಹೇಳಿದ್ದನ್ನು. ಇದನ್ನು ಯಾರೂ ಹೇಳಿರಲಿಲ್ಲ. ಅದನ್ನು ಹೊಡೆದು ಹಾಕಿದ್ದೇನೆ. ಅಲ್ಲಿ ಏನು ಬರೆಯಬೇಕೋ ನೀನೇ ಬಂದು ಬರೆ. ಬರಲಾಗದಿದ್ದರೆ ಹೇಳಿ ಕಳಿಸು, ಅಕ್ಷರ ತಿದ್ದದೆ ಬರೆಯುತ್ತೇನೆ. ಬೆಳ್ಳಮ್ಮನ ಮನೆಗೆ ಈ ಭಾನುವಾರ ಹೋಗುತ್ತೇನೆ. ಹೋಗಿ ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ.

ನೀನು, ಮನೆಯವರು, ಮಗು ಎಲ್ಲ ತಣ್ಣಗಿರಿ. ನಿನ್ನ ಕಣ್ಣು ಕಂಡದ್ದನ್ನು ನಿನ್ನ ಬಾಯಿ ಯಾವತ್ತೂ ನುಂಗದಿರಲಿ.

ನಿನ್ನ ಅಣ್ಣ,
ಸಿದ್ದರಾಮು

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಮುಂದಿನ ತಿಂಗಳು ಆಪರೇಷನ್. ಹೋದ ವಾರ ಪುಸ್ತಕ ತಿರುವುತ್ತಾ ಆ ಹಳೇ ರಜೆ ಪರದೆಯನ್ನು ಫೋನಿನಲ್ಲಿ ತೆರೆದು, ದೊಡ್ಡದು ಮಾಡಿ ಅವಳ ಕೈಗೆ ಕೊಟ್ಟೆ. ಅಭ್ಯಾಸದಂತೆ ಎದುರು ಕೂತು ಕೈ ಕಟ್ಟಿದೆ. ಬೆರಳನ್ನು ಪರದೆಯ ಮೇಲೆ ಆಡಿಸುತ್ತಾ ಅವಳು ನನ್ನ ಕಡೆ ಮುಖವೆತ್ತಿದಳು. ಕಣ್ಣು ಕಿರಿದು ಮಾಡಿದಳು. ಸ್ವಲ್ಪ ಮುಂದಕ್ಕೆ ಬಗ್ಗಿ ಮತ್ತೆ ನೋಡಿದಳು. ಆಮೇಲೆ ಅಂದಳು: "ನಿನ್ ಮೊಕ ಕಾಣಕ್ಕಿಲ್ವಲ್ಲಾ ಮಗ. ಎಲ್ಲಿ ಒತ್ಲಿ?"