ಮೊದಲು ಬಂದವರ ಹಲಗೆ

ಹೆಡ್‌ಮಾಸ್ತರರಿಗೆ ನಮಸ್ಕಾರ.

ಹನ್ನೊಂದು ವರ್ಷದಿಂದ ನಿಮ್ಮ ಶಾಲೆಯ ಹಲಗೆಯ ಮೇಲೆ ಮೊದಲು ಬಂದವರ ಹೆಸರು ಬರೆಯುತ್ತಿದ್ದೇನೆ. ಎಲ್ಲ ಕಂಡವರ ಮಕ್ಕಳದೇ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿ ಮೂರು ವಿಷಯ ಫೇಲು.

ಇವತ್ತು ನಿಮ್ಮ ಮಗಳ ಹೆಸರು ಬರೆಯಬೇಕಿತ್ತು. ಹೊಟ್ಟೆ ಉರಿದು ನನ್ನ ಮಗಳ ಹೆಸರನ್ನೇ ಬರೆದುಬಿಟ್ಟೆ. ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದ ಅವಳು, "ಏನಪ್ಪಾ, ಇಡೀ ಶಾಲೆ ಮುಂದೆ ನನ್ನ ಮಾನ ತೆಗೀತೀಯಾ?" ಎಂದು ಒರೆಸಿದಳು. ಬ್ರಷ್ ಕಿತ್ತುಕೊಂಡು ನಿಮ್ಮ ಮಗಳ ಹೆಸರನ್ನು ತಾನೇ ಬರೆದಳು. ನನ್ನ ಅಕ್ಷರಕ್ಕಿಂತ ದುಂಡಗಿದೆ.

ಅವಳನ್ನು ದಡ್ಡಿ ಎಂದು ಕೊನೆಯ ಬೆಂಚಿಗೆ ತಳ್ಳಿದ್ದೀರಿ. ನಾಳೆ ಸಭೆಯಲ್ಲಿ ಹಲಗೆ ತೋರಿಸುವಾಗ ಬರೆದವಳು ಯಾರೆಂದೂ ಹೇಳಿ. ನಿಮ್ಮ ಮಗಳ ಎದುರಿಗೇ ಹೇಳಿ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಬಣ್ಣ ಇನ್ನೂ ಹಸಿ ಇದೆ. ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಇತಿ,
ಬೋರ್ಡು ಬರೆಯುವವನು,
ಕೊನೆಯ ಬೆಂಚಿನ ಹುಡುಗಿಯ ಅಪ್ಪ