ಪಾದಗಳ ಸಮಾಚಾರ

ಮಹಡಿ ಮನೆ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಂಗೀ,

ಅಮ್ಮ ಬಟ್ಟೆ ಒಣಹಾಕುತ್ತಾ ಗುನುಗುತ್ತಿದ್ದ ಸಾಲೊಂದು ಬೆಳಗಿನಿಂದ ಅರ್ಧಂಬರ್ಧ ನೆನಪಾಗುತ್ತಿದೆ. ‘ನೆಲದ ಗುಟ್ಟು ಪಾದಕ್ಕೆ ಗೊತ್ತು’ ಅಂತಲೋ, ‘ಪಾದದ ಗುಟ್ಟು ನೆಲಕ್ಕೆ ಗೊತ್ತು’ ಅಂತಲೋ? ಮೊದಲಿನದಾದರೆ ನಿನ್ನ ಗುಬ್ಬಿಯ ಮಟ್ಟಿಗೆ ಅದು ಸುಳ್ಳು. ನೆಲ ತಣ್ಣಗಿದೆಯೋ ಸುಡುತ್ತಿದೆಯೋ ಅವಳ ಪಾದಕ್ಕೆ ತಿಳಿಯದು. ಇರಲಿ, ನೀನು ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಕಾರ್ಖಾನೆಯ ತರಬೇತಿ ಮುಗಿಯಲು ಇನ್ನೊಂದೇ ತಿಂಗಳು ತಾನೇ? ಹಟ ಮಾಡದೆ ನಡುನಡುವೆ ಕೂತುಕೋ.

ನಿನ್ನ ಮಗಳಿಗೆ ಏಳು ವರ್ಷ ಅಂದರೆ ಯಾರೂ ನಂಬುವುದಿಲ್ಲ, ಅಷ್ಟು ಮಾತು. ನಾಲ್ಕು ಗಂಟೆಗೊಮ್ಮೆ ಮೂತ್ರದ ನಳಿಕೆ ಹಾಕಿಕೊಳ್ಳುವಾಗ ನನ್ನನ್ನು ಬಾಗಿಲಾಚೆ ಕಳಿಸುತ್ತಾಳೆ: “ದೊಡ್ಡಮ್ಮಾ, ನೀನು ಪದ್ಯ ಓದ್ಕೋ ಹೋಗು, ಇದು ನನ್ ಕೆಲಸ.” ಸಂಜೆ ನೀನು ಕಲಿಸಿದಂತೆ, ಗಾಯವೇನಾದರೂ ಆಗಿದೆಯೇ ಎಂದು ನೋಡಲು, ಕೈಗನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು, “ಎಡಗಾಲಮ್ಮಾ, ಏನ್ ಸಮಾಚಾರ? ಬಲಗಾಲಮ್ಮಾ, ನಿಂದೇನು?” ಎಂದು ವಿಚಾರಿಸುತ್ತಾಳೆ. ಆಮೇಲೆ ರೇಡಿಯೋ ದನಿಯಲ್ಲಿ ವಾರ್ತೆ: “ಎಲ್ಲಾ ಕ್ಷೇಮ.”

ಭಾನುವಾರ ಅವಳನ್ನು ಎತ್ತಿಕೊಂಡು ಟೆರೇಸಿಗೆ ಹೋಗಿದ್ದೆ. ನಡೆಯಲು ಕಾಲಿಗೆ ಕಟ್ಟುವ ಕ್ಯಾಲಿಪರ್ ಬಿಚ್ಚಿಟ್ಟು, ಇಬ್ಬರೂ ಚಾಪೆಯ ಮೇಲೆ ಮಲಗಿ ಮೋಡ ನೋಡಿದೆವು. “ಅದಕ್ಕೂ ನಡೆಯೋಕೆ ಬರಲ್ಲ, ಆದ್ರೂ ಹೇಗೆ ಹೋಗ್ತಿದೆ ನೋಡು” ಅಂದಳು. ಆ ಮಾತು ನನ್ನೊಳಗೆ ತೇಲುತ್ತಾ ಹೋಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೆಳಗಿಳಿದಾಗ ಗುಬ್ಬಿ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಸೋಮವಾರ ಡಾಕ್ಟರ ಹತ್ತಿರ ಹೋಗಬೇಕಾಯಿತು. ನೀನು ಎಂದೂ ಕೇಳದೆ ನುಂಗಿಕೊಂಡದ್ದನ್ನು ನಾನು ಕೇಳಿಬಿಟ್ಟೆ. ಗರ್ಭದ ಮೊದಲ ತಿಂಗಳಲ್ಲೇ ಮಗುವಿನ ಬೆನ್ನುಹುರಿ ಚಾಪೆ ಸುತ್ತಿದಂತೆ ಸುತ್ತಿಕೊಂಡು ಮುಚ್ಚಿಕೊಳ್ಳುತ್ತದಂತೆ. ಇವಳದು ಸೊಂಟದ ಹತ್ತಿರ ಮುಚ್ಚಿಕೊಳ್ಳಲಿಲ್ಲ. ಅದಕ್ಕೇ ಕಾಲಿಗೆ ಸುದ್ದಿ ಸರಿಯಾಗಿ ಹೋಗುವುದಿಲ್ಲ, ಅಲ್ಲಿಂದ ಬರುವುದೂ ಇಲ್ಲ. ಸ್ಪೈನಾ ಬೈಫಿಡಾ ಎಂದರೆ ಇಷ್ಟೇ. ಆಗ ನೀನು ಬಸುರಿಯೆಂದು ನಿನಗೇ ಗೊತ್ತಿರಲಿಲ್ಲ. ಐದನೇ ತಿಂಗಳಲ್ಲಿ ಪರದೆ ಕಟ್ಟಲು ಏಣಿ ಹತ್ತಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಏಳು ವರ್ಷದಿಂದ ಆ ಏಣಿಯ ಮೇಲೇ ನಿಂತಿದ್ದೀಯಲ್ಲೇ, ಇನ್ನಾದರೂ ಇಳಿ.

ಗುಬ್ಬಿಯ ಮುತ್ತು, ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಟೆರೇಸಿನಲ್ಲಿ ಅವಳ ಎಡಗಾಲು ಚಾಪೆಯಿಂದಾಚೆ ಬಿಸಿಲಿಗೆ ಕಾದ ತಗಡಿನ ಮೇಲಿತ್ತು. ನಿದ್ದೆಗೆಡಿಸುವುದೇಕೆಂದು ಆ ಸಂಜೆ ಕನ್ನಡಿ ಹಿಡಿಯಲಿಲ್ಲ. ಬೆಳಿಗ್ಗೆ ಹಿಮ್ಮಡಿಯಲ್ಲಿ ದೊಡ್ಡ ನೀರುಗುಳ್ಳೆ. ಕೀವಾಗಿಲ್ಲ, ವಾಸಿಯಾಗುತ್ತದೆ, ಎರಡು ವಾರ ಕ್ಯಾಲಿಪರ್ ಬೇಡ ಎಂದಿದ್ದಾರೆ ಡಾಕ್ಟರು. ತಪ್ಪು ನನ್ನದು. ಗುಬ್ಬಿಗೆ ಏನಾದರೂ ಆದರೆ ತರಬೇತಿ ಬಿಟ್ಟು ಬಂದುಬಿಡುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ನಿನ್ನ ಪರೀಕ್ಷೆ ಮುಗಿಯುವವರೆಗೆ ಹೇಳುವುದು ಬೇಡವೆಂದುಕೊಂಡಿದ್ದೆ. ಬರಬೇಕೋ ಬೇಡವೋ ನೀನೇ ನೋಡು. ಕೆಳಗಿನ ಮನೆಯ ನರ್ಸಮ್ಮ ದಿನಾ ಬಂದು ಪಟ್ಟಿ ಬದಲಿಸುತ್ತಾರೆ. ಈಗಷ್ಟೇ ಹೊರಟವರು, ಮಡಿಸಿಟ್ಟ ಈ ಕಾಗದ ನೋಡಿ, ಗುಳ್ಳೆಯ ವಿಷಯ ಬರೆದಿರಾ ಎಂದು ಕೇಳಿದರು. ಇಲ್ಲವೆಂದೆ. ಬಾಗಿಲಲ್ಲೇ ತಿರುಗಿ ನಿಂತು ಹೇಳಿದರು: “ಆ ಕಾಲಿಗೆ ಹೇಳೋಕೆ ಬರಲ್ಲ, ಸರಿ. ನಿಮಗೇನ್ರೀ ಆಗಿದೆ?”