ಬಣ್ಣದ ಕೋಣೆಗೆ ಸುಣ್ಣ ಹೊಡೆಯುವ ಮುನ್ನ

ಗದಗ
31 ನವೆಂಬರ್ 2098

ಪ್ರೀತಿಯ ಮುತ್ತಜ್ಜಿ,

ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ನವೆಂಬರಿಗೂ ಮೂವತ್ತೊಂದು ದಿನ. ನಾನು ನಿಮ್ಮ ಮೊಮ್ಮಗಳ ಮಗಳು ಮೇದಿನಿ, ನಾಟಕ ಡಿಗ್ರಿಯ ಫಸ್ಟ್ ಇಯರ್. ಹಾಸ್ಟೆಲಿನಲ್ಲಿ ಬೆಳೆದವಳು, ಅರ್ಧ ಇಂಗ್ಲಿಷು. ಕನ್ನಡದಲ್ಲಿ ಈವರೆಗೆ ಬರೆದ ಪತ್ರವೆಂದರೆ ಐದು ಮಾರ್ಕಿನ ರಜಾ ಅರ್ಜಿ. ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಇದು ಹಿಂದಂಚೆ, ಅಂದರೆ ಹಿಂದಿನವರಿಗೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ. ನನ್ನದನ್ನು ನಿಮಗೇ ಖರ್ಚು ಮಾಡಿದೆ.

ನೀವೆಲ್ಲ ಕಮಿಟಿ ಮಾಡಿ ಊರಿನ ಕಲಾಮನೆ ಮಾಡುತ್ತಿದ್ದೀರಲ್ಲ, ಆ ದೇಸಾಯರ ವಾಡೆಯಲ್ಲೇ ನಮ್ಮ ಕ್ಲಾಸು. ಅಂಗಳದಲ್ಲಿ ಡೊಳ್ಳು, ಅಟ್ಟದ ಮೇಲೆ ಚಿತ್ರ, ದನ ಕಟ್ಟುತ್ತಿದ್ದ ಕಡೆ ತಬಲಾ. ಮಧ್ಯಾಹ್ನ ಎಲ್ಲರಿಗೂ ಜೋಳದ ನೂಡಲ್ಸು, ರೊಟ್ಟಿ ಬಡಿಯುವವರು ಈಗ ಊರಿಗೆ ಇಬ್ಬರೇ. ಮೊದಲ ದಿನ ಎದ್ದು ನಿಂತು ಹೇಳಿದೆ: ಈ ವಾಡೆ ಉಳಿಸಿದ್ದು ನಮ್ಮ ಮುತ್ತಜ್ಜಿ, ವತ್ಸಲಾ ಟೀಚರ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುವಾರ ಮೇಷ್ಟ್ರು ಮಾತುಗಿವಿ ತಂದರು. ಹಳೇ ಗೋಡೆಗೆ ಆನಿಸಿದರೆ ಅಲ್ಲಿ ಎಂದೋ ಆಡಿದ ಮಾತು ಕೇಳಿಸುವ ಯಂತ್ರ. ಬಣ್ಣದ ಕೋಣೆಯ ಗೋಡೆಗೆ ಆನಿಸಿದರು. ನಾಟಕ ಕಂಪನಿಯವರು ವಾಡೆಯಲ್ಲಿ ಬಿಡಾರ ಹೂಡಿದಾಗ, ಕ್ಯಾಂಪಿನ ಕೊನೆಯ ದಿನ, ಮುಖಕ್ಕೆ ಹಚ್ಚಿ ಉಳಿದ ಬಣ್ಣದಲ್ಲಿ ಹೆಸರು ಬರೆದು ಹೋಗುತ್ತಿದ್ದ ಗೋಡೆಯಂತೆ. ನಾವು ಕಂಡದ್ದು ಬರೀ ಬಿಳಿ.

ಮೊದಲು ಸುಣ್ಣ ಹೊಡೆಯುವವನ ದನಿ: "ವತ್ಸಲಕ್ಕಾರ, ಇಲ್ಲೊಂದು ತುಳಜವ್ವ ಅಂತ ಐತಿ. ನಿಮ್ಮವ್ವನ ಹೆಸರಲ್ಲೇನ್ರಿ?"

ಆಮೇಲೆ ನಿಮ್ಮದು: "ಆಕಿ ಬ್ಯಾರೆ, ಮೌಲಾ. ನಾಳೆ ಕಲಾಮನಿ ನೋಡಾಕ ಸಾಹೇಬ್ರು ಬರ್ತಾರ. ಎರಡು ಕೋಟ್ ಹೊಡಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು: "ಏನ ಮೇದಿನಿ, ನಿಮ್ಮ ಮುತ್ತಜ್ಜಿ ಉಳಿಸಿದ್ದು ಬರೇ ಸುಣ್ಣಾನ?"

ಮನೆಯ ವಂಶಪಟ್ಟಿ ತೆಗೆದು ನೋಡಿದೆ. ನಿಮ್ಮ ತಾಯಿ: ತುಳಜವ್ವ. ಉದ್ಯೋಗ: ಗೃಹಿಣಿ. ಎರಡೂ ನಿಮ್ಮದೇ ಕೈಬರಹ.

ನಾಟಕದಾಕಿ ಮಗಳು ಅಂತ ಜನ ನಿಮ್ಮನ್ನು ಏನೇನು ಅಂದಿದ್ದರೋ, ನನಗೆ ಗೊತ್ತಿಲ್ಲ. ಆದರೆ ಕಲೆಗೆಂದು ಎತ್ತಿ ನಿಲ್ಲಿಸಿದ ಮನೆಯಲ್ಲೇ ಅವ್ವನನ್ನು ಅಳಿಸಿದಿರಿ. ಹಾಸ್ಟೆಲಿನಲ್ಲಿ ಹನ್ನೆರಡು ವರ್ಷ ನಿಮ್ಮ ಫೋಟೋ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಈ ನಾಟಕದ ಹುಚ್ಚು ನಿನಗೆ ಎಲ್ಲಿಂದ ಅಂಟಿತು ಅಂತ ಅಮ್ಮ ಬೈಯುವಾಗ ಹೇಳಲು ನನಗೂ ಒಂದು ಹೆಸರು ಇರಬಹುದಿತ್ತು.

ಈ ಪತ್ರ ನಿಮಗೆ ಗುರುವಾರ ಸಿಗುತ್ತದೆ. ಸುಣ್ಣ ಹೊಡೆಯಲು ಮೌಲಾ ಬರುವುದು ಶುಕ್ರವಾರ; ಆ ಗೋಡೆ ಬಿಡಲು ಹೇಳಿ. ನಿಮ್ಮ ಕಡೆಯಿಂದ ನಮಗೆ ಟಪಾಲಿಲ್ಲ, ಆದ್ದರಿಂದ ಗೋಡೆಯ ಮೇಲೇ ಬರೆಯಿರಿ. ತುಳಜವ್ವನ ಹೆಸರಿನ ಕೆಳಗೆ ನಿಮ್ಮ ಹೆಸರು, ಮುಂದೆ "ಮಗಳು" ಅಂತ, ಅಷ್ಟೇ ಸಾಕು. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡುತ್ತೇನೆ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ಮೇದಿನಿ